ಹಪ್ಪಳ ಮಾರಲು ಮೂರು ದಾರಿ, ನನಗೆ ಒಗ್ಗಿದ್ದು ವಾಟ್ಸಾಪ್

ಅಮ್ಮ ಮಾಡುವ ಹಲಸಿನ ಹಪ್ಪಳವನ್ನು ಆನ್‌ಲೈನ್‌ನಲ್ಲಿ ಮಾರಲು ಶುರು ಮಾಡಿ ಮೂರು ಹಲಸಿನ ಸೀಸನ್ ಕಳೆಯಿತು. ಶಿರಸಿಯ ನಮ್ಮ ಮನೆಯಿಂದಲೇ ಕೆಲಸ. ಮೊದಲು ಒಂದು ದೊಡ್ಡ ಶಾಪಿಂಗ್ ಆ್ಯಪ್, ಆಮೇಲೆ ಸ್ವಂತ ವೆಬ್‌ಸೈಟ್, ಕೊನೆಗೆ ವಾಟ್ಸಾಪ್ ಬಿಸಿನೆಸ್, ಅಂದರೆ ವ್ಯಾಪಾರ ಮಾಡುವವರಿಗೆಂದೇ ಇರುವ ವಾಟ್ಸಾಪ್. ಈಗ ವಾಟ್ಸಾಪ್ ಒಂದನ್ನೇ ಇಟ್ಟುಕೊಂಡಿದ್ದೇನೆ. ಬದಲಿಸುವ ಯೋಚನೆಯೇ ಇಲ್ಲ.

ಆ್ಯಪ್‌ನಲ್ಲಿ ಗಿರಾಕಿಗಳಿಗೆ ಕೊರತೆ ಇರಲಿಲ್ಲ. ಮೂರನೇ ದಿನವೇ ಆರ್ಡರ್ ಬಂತು. ಕಮಿಷನ್ ಎಷ್ಟು ಅಂತ ಮೊದಲೇ ಗೊತ್ತಿತ್ತು, ಅದನ್ನು ಸೇರಿಸಿಯೇ ಬೆಲೆ ಇಟ್ಟಿದ್ದೆ. ನನ್ನನ್ನು ಸುಸ್ತು ಮಾಡಿದ್ದು ತೂಕದ ಲೆಕ್ಕ.

ಹಪ್ಪಳ ಹಗುರ, ಆದರೆ ಜಾಗ ಜಾಸ್ತಿ ಬೇಕು. ಕೊರಿಯರ್‌ನವರು ತಕ್ಕಡಿ ಒಂದನ್ನೇ ನೋಡುವುದಿಲ್ಲ. ಬಾಕ್ಸಿನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. ಆ ಲೆಕ್ಕ ತಕ್ಕಡಿಗಿಂತ ಜಾಸ್ತಿ ಬಂದರೆ ಅದಕ್ಕೇ ದುಡ್ಡು. ನನ್ನ ಬಾಕ್ಸ್ 24, 24, 15. ತಕ್ಕಡಿಯಲ್ಲಿ 700 ಗ್ರಾಂ, ಲೆಕ್ಕದಲ್ಲಿ 1.73 ಕೆ.ಜಿ.

ಅಷ್ಟಕ್ಕೇ ನಿಂತಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಹಪ್ಪಳ ಮುರಿಯದಿರಲಿ ಅಂತ ಸುತ್ತಲೂ ಪೇಪರ್ ತುರುಕುತ್ತಿದ್ದೆ. ಬಾಕ್ಸಿನ ಹೊಟ್ಟೆ ಉಬ್ಬುತ್ತಿತ್ತು. ಗೋದಾಮಿನಲ್ಲಿ ಆ ಉಬ್ಬನ್ನೂ ಸೇರಿಸಿ ಅಳೆದು 26, 26, 18 ಎಂದು ಬರೆದುಕೊಂಡರು. ಅಂದರೆ 2.43 ಕೆ.ಜಿ. ದರ ಅರ್ಧರ್ಧ ಕೆ.ಜಿ.ಗೆ ಏರುವುದರಿಂದ ಎರಡೂವರೆ ಕೆ.ಜಿ.ಯ ಸಾಗಣೆ ದುಡ್ಡು ಮುರಿದುಕೊಂಡರು. 420 ರೂಪಾಯಿಯ ಆರ್ಡರ್‌ನಲ್ಲಿ ನನ್ನ ಕೈಗೆ ಬಂದದ್ದು 168. ಹಲಸಿನ ತೊಳೆ ಬೇಯಿಸಿ, ರುಬ್ಬಿ, ಒಂದೊಂದಾಗಿ ತಟ್ಟಿ, ಚಾಪೆಯ ಮೇಲೆ ಬಿಸಿಲಿಗೆ ಹಾಕಿ, ಮೋಡ ಕಂಡರೆ ಓಡಿಹೋಗಿ ಎತ್ತಿಡುವ ಅಮ್ಮನಿಗೆ ಆ ಲೆಕ್ಕವನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ದೂರು ಕೊಟ್ಟೆ. ಬಾಕ್ಸಿನ ಮೂರೂ ಬದಿಗೆ ಟೇಪ್ ಹಿಡಿದು ಫೋಟೊ ಕಳಿಸಿದೆ. ಫೋಟೊ ಸ್ಪಷ್ಟವಾಗಿಲ್ಲ ಎಂಬ ಉತ್ತರ ಎರಡು ಸಲ ಬಂತು. ಮೂರನೇ ಸಲ ಕಳಿಸುವ ಹೊತ್ತಿಗೆ ದೂರಿನ ಅವಧಿಯೇ ಮುಗಿದಿತ್ತು. ಬಾಕ್ಸ್ ಚಿಕ್ಕದು ಮಾಡಿ ನೋಡಿದೆ. ಹಪ್ಪಳ ಚೂರಾಯಿತು, ವಾಪಸ್ ಬಂತು, ಆ ಖರ್ಚೂ ನನ್ನ ತಲೆಗೇ.

ವೆಬ್‌ಸೈಟ್ ಚೆನ್ನಾಗಿಯೇ ಆಗಿತ್ತು. ಸೈಟಿನಲ್ಲಿ ಅಂಗಡಿ ತೆರೆಯುವ ವೂಕಾಮರ್ಸ್ ಎಂಬ ಸಾಫ್ಟ್‌ವೇರ್‌ಗೆ ದುಡ್ಡಿಲ್ಲ, ಸೈಟಿನ ಹೆಸರಿಗೆ (ಡೊಮೈನ್) ಮತ್ತು ಅದನ್ನು ಇಡುವ ಜಾಗಕ್ಕೆ (ಹೋಸ್ಟಿಂಗ್) ಮಾತ್ರ ಕಟ್ಟಿದೆ. ನಾಲ್ಕು ತಿಂಗಳಲ್ಲಿ 11 ಆರ್ಡರ್. ಅದರಲ್ಲಿ 9 ಮಂದಿ ಮೊದಲೇ ನನ್ನ ನಂಬರ್ ಇದ್ದವರು. ಜಾಹೀರಾತಿಗೆ ತಿಂಗಳು ತಿಂಗಳು ಸುರಿಯುವ ತಾಕತ್ತು ಇದ್ದವರಿಗೆ ಅದು ಸರಿ.

ವಾಟ್ಸಾಪ್‌ನಲ್ಲಿ ಕ್ಯಾಟಲಾಗ್ ಹಾಕಲು ಒಂದು ಸಂಜೆ ಸಾಕಾಯಿತು. ದುಡ್ಡು ಯುಪಿಐನಲ್ಲಿ ಮುಂಗಡ. ‘ಪೇಮೆಂಟ್ ಬಾಕಿ’, ‘ಪೇಮೆಂಟ್ ಬಂತು’ ಅಂತ ಚಾಟ್‌ಗಳಿಗೆ ಲೇಬಲ್ ಹಚ್ಚಿಡುತ್ತೇನೆ. ಸ್ಕ್ರೀನ್‌ಶಾಟ್ ನೋಡಿ ನಂಬುವುದಿಲ್ಲ, ಬ್ಯಾಂಕಿಗೆ ಬಂದ ಮೇಲೆಯೇ ಲೇಬಲ್ ಬದಲು.

ಗಿರಾಕಿಗಳಲ್ಲಿ ಹೆಚ್ಚಿನವರು ಬೆಂಗಳೂರಿನವರು. ಹದಿನೈದು ದಿನಕ್ಕೊಮ್ಮೆ ಎಲ್ಲರ ಆರ್ಡರ್ ಸೇರಿಸಿ ಒಂದೇ ದೊಡ್ಡ ರಟ್ಟಿನ ಪೆಟ್ಟಿಗೆಯಲ್ಲಿ ರಾತ್ರಿ ಬಸ್ಸಿಗೆ ಹಾಕುತ್ತೇನೆ. ಬೆಳಿಗ್ಗೆ ಅಕ್ಕ ಇಳಿಸಿಕೊಳ್ಳುತ್ತಾಳೆ. ಒತ್ತೊತ್ತಾಗಿ ಜೋಡಿಸಿದ ಕಟ್ಟುಗಳು ಮುರಿಯುವುದು ತೀರಾ ಕಡಿಮೆ. ಸಾಗಣೆಗೆ ಪ್ಯಾಕೆಟ್‌ಗೆ ಹತ್ತು ಹನ್ನೆರಡು ರೂಪಾಯಿ ಬೀಳುತ್ತದೆ, ಅಷ್ಟೇ.

ತೊಂದರೆ ಇಲ್ಲವೆಂದಲ್ಲ. ಒಂದೇ ಮೆಸೇಜನ್ನು ಹಲವರಿಗೆ ಒಟ್ಟಿಗೆ ಕಳಿಸುವ ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನ ಮಾತ್ರ. ಅದೂ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ಮೆಸೇಜ್ ತಲುಪುತ್ತದೆ. ಅದಕ್ಕೇ ಮೊದಲ ಪ್ಯಾಕೆಟ್ ಜೊತೆ ‘ನಂಬರ್ ಸೇವ್ ಮಾಡಿಕೊಳ್ಳಿ’ ಎಂಬ ಚೀಟಿ ಇಡುತ್ತೇನೆ.

ಆಹಾರ ಮಾರುವವರು ಯಾವ ದಾರಿ ಹಿಡಿದರೂ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಪ್ಯಾಕೆಟ್ ಮೇಲೆ ಬೇಕೇ ಬೇಕು.

ದಿನಕ್ಕೆ ನೂರು ಆರ್ಡರ್ ಬೇಕೆನ್ನುವವರಿಗೆ, ಪುಸ್ತಕದ ಹಾಗೆ ಜಾಗ ತಿನ್ನದ, ಮುರಿಯದ ಸಾಮಾನು ಇರುವವರಿಗೆ ಆ್ಯಪ್ ಲಾಭವಾಗಬಹುದು. ನನ್ನಲ್ಲಿರುವುದು ಒಂದು ಸೀಸನ್‌ಗೆ ಆರುನೂರು ಪ್ಯಾಕೆಟ್. ಗಿರಾಕಿಗಳ ಜೊತೆ ಮಾತಾಡುವುದು ನನಗೆ ಇಷ್ಟ. ಈ ಸಲ ಜೂನ್ ಮಳೆ ಹಿಡಿಯುವ ಮೊದಲೇ 410 ಪ್ಯಾಕೆಟ್‌ಗೆ ಮುಂಗಡ ಬಂದಿತ್ತು. ‘ಖಾರ ಸ್ವಲ್ಪ ಕಡಿಮೆ ಹಾಕಿ, ಮೊಮ್ಮಗಳಿಗೆ’ ಅಂತ ರಾಜಾಜಿನಗರದ ಅಜ್ಜಿಯೊಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದರು. ಅಮ್ಮ ಅವರಿಗೆಂದೇ ಎರಡು ಕಟ್ಟು ಬೇರೆ ತಟ್ಟಿದರು.