ಕುಶಾಲನಗರದ ಈ ಕಣ್ಣಿನ ಕ್ಲಿನಿಕ್‌ಗೆ ಶುಗರ್ ಇರೋರು ಒಂದ್ಸಲ ಹೋಗಿ ಬನ್ನಿ

ನಾಲ್ಕು ಸ್ಟಾರ್. ಒಂದು ಯಾಕೆ ಕಮ್ಮಿ ಅಂತ ಆಮೇಲೆ ಹೇಳ್ತೀನಿ.

ನಮ್ಮ ಮಾವನಿಗೆ ಶುಗರ್ ಬಂದು ತುಂಬಾ ವರ್ಷ ಆಯ್ತು. ಮಾತ್ರೆ ತಗೋತೀನಿ, ತೋಟ ಸುತ್ತುತೀನಿ, ಪೇಪರ್ ಓದ್ತೀನಿ, ಮತ್ಯಾಕೆ ಕಣ್ಣಿನ ಡಾಕ್ಟ್ರು ಅನ್ನೋದು ಅವರ ವಾದ. ಮುಂಚೆ ಬೇರೆ ಒಂದು ಕಡೆ ಕರ್ಕೊಂಡು ಹೋಗಿದ್ವಿ, ಅಲ್ಲಿ ಹಿಂಗೇ ಇದ್ರೆ ಕುರುಡಾಗ್ತೀರ ಅಂತ ಎಲ್ರ ಮುಂದೆ ಬೈದು ಕಳ್ಸಿದ್ರು, ಅಲ್ಲಿಗೆ ಮುಗೀತು, ಆಮೇಲೆ ಆಸ್ಪತ್ರೆ ಹೆಸರೆತ್ತಿದ್ರೇ ಸಿಟ್ಟು.

ಇಲ್ಲಿ ಹಂಗಿಲ್ಲ. ಡ್ರಾಪ್ಸ್ ಹಾಕಿ, ಪಾಪೆ ಅಗಲ ಆಗೋವರೆಗೂ ಕೂರಿಸಿ, ಕಣ್ಣಿನ ಹಿಂಭಾಗದ ಪರದೆ, ಅಂದ್ರೆ ರೆಟಿನಾದ ಫೋಟೋ ತೆಗೆದು ಅದನ್ನ ಸ್ಕ್ರೀನ್ ಮೇಲೆ ಅವರಿಗೇ ತೋರಿಸಿದ್ರು. ಡಾಕ್ಟ್ರು ಪೆನ್ನಿನ ತುದಿ ಇಟ್ಟು, "ನೋಡಿ ಯಜಮಾನ್ರೇ, ಈ ಕೆಂಪು ಚುಕ್ಕಿ ರಕ್ತನಾಳ ಉಬ್ಬಿರೋದು, ಈ ಹಳದಿ ಗುರುತು ನಾಳದಿಂದ ಸೋರಿದ ಕೊಬ್ಬು ನಿಂತಿರೋದು, ನಡುಭಾಗಕ್ಕೆ ಇನ್ನೂ ಬಂದಿಲ್ಲ, ಅದಕ್ಕೇ ನಿಮಗೆ ಗೊತ್ತಾಗ್ತಿಲ್ಲ" ಅಂದ್ರು. ಮಾವ ಸುಮಾರು ಹೊತ್ತು ನೋಡಿ, ಇದು ಇಲ್ಲಿಗೇ ನಿಲ್ಲುತ್ತಾ ಅಂತ ತಾವೇ ಕೇಳಿದ್ರು. ನನಗನ್ನಿಸೋದು ಹೆದರಿಸಿದ್ರೆ ಯಾರೂ ಬದಲಾಗಲ್ಲ, ತನ್ನ ಕಣ್ಣನ್ನ ತಾನೇ ನೋಡಿ, ಇನ್ನೂ ಟೈಮಿದೆ ಅಂತ ಗೊತ್ತಾದ್ರೆ ಮನುಷ್ಯ ಕೇಳ್ತಾನೆ.

ಇನ್ನೊಂದು ಒಳ್ಳೇದು ಏನಂದ್ರೆ ಅಡುಗೆ ಮಾಡೋ ಅತ್ತೆನೂ ಒಳಗೆ ಕರೆದು ಮಾತಾಡಿಸಿದ್ರು. ಅಕ್ಕಿ ರೊಟ್ಟಿ ಎಷ್ಟು, ಕಡಂಬುಟ್ಟು (ಅಕ್ಕಿ ಉಂಡೆ) ಎಷ್ಟು ಅಂತೆಲ್ಲ ಕೇಳಿ, ಪೂರ್ತಿ ಬಿಟ್ಬಿಡಿ ಅಂತ ಹೇಳದೇ, ಒಂದು ಕಮ್ಮಿ ಮಾಡಿ ಸೊಪ್ಪು ಪಲ್ಯ ಜಾಸ್ತಿ ಹಾಕಿ ಅಂದ್ರು. ಅನ್ನ ಬಿಡಿ ಅಂದ್ರೆ ನಮ್ಮ ಕಡೆ ಯಾರು ಕೇಳ್ತಾರೆ ಹೇಳಿ? ಮಳೆಗಾಲದಲ್ಲಿ ವಾಕಿಂಗ್ ನಿಂತೇ ಹೋಗುತ್ತಲ್ಲ, ಅದಕ್ಕೆ ಜಗಲಿ ಮೇಲೇ ಓಡಾಡಿ ಅಂದ್ರು. ಎಚ್‌ಬಿಎ1ಸಿ ಅಂದ್ರೆ ಹಿಂದಿನ ಎರಡ್ಮೂರು ತಿಂಗಳ ಶುಗರ್ ಸರಾಸರಿ, ಅದರ ಜೊತೆ ಬಿಪಿ, ಕೊಲೆಸ್ಟ್ರಾಲ್ ಕೂಡ ಕಣ್ಣಿಗೆ ಮುಖ್ಯ ಅಂತ ಬಿಡಿಸಿ ಹೇಳಿದ್ರು.

ಅಲ್ಲೇ ಒಬ್ರು ಅಜ್ಜಿಗೆ ಇನ್ಸುಲಿನ್ ಪೆನ್ನಿನ ನಂಬರ್ ಕಾಣ್ತಿರ್ಲಿಲ್ಲ, ಡೋಸ್ ತಿರುಗಿಸುವಾಗ ಬರೋ ಟಕ್ ಟಕ್ ಸದ್ದು ಎಣಿಸಿ ಚುಚ್ಕೋತಿದ್ರಂತೆ. ಸಿಸ್ಟರ್ ಹಂಗೆ ಮಾಡ್ಬೇಡಿ ಅಜ್ಜಿ ಅಂತ, ಡೋಸನ್ನ ಒಂದು ರಟ್ಟಿನ ಮೇಲೆ ದಪ್ಪ ಮಾರ್ಕರ್‌ನಲ್ಲಿ ಬರೆದು, ಚುಚ್ಚೋ ಮುಂಚೆ ಇದಕ್ಕೆ ತಾಳೆ ನೋಡು ಅಂತ ಮೊಮ್ಮಗನ ಕೈಗೆ ಕೊಟ್ರು. ಕಣ್ಣು ಮಂಜಾದವ್ರಿಗೆ ನೀವೇ ಶುಗರ್ ನೋಡ್ಕೊಳ್ಳಿ ಅಂದ್ರೆ ಹೆಂಗಾಗುತ್ತೆ, ಮನೆಯವ್ರು ಒಬ್ರು ಜೊತೆಗಿರಲೇಬೇಕು.

ಈಗ ಆ ಒಂದು ಸ್ಟಾರ್ ವಿಷ್ಯ. ರಿಪೋರ್ಟ್ ಪೂರ್ತಿ ಇಂಗ್ಲಿಷ್, ಅದೂ ಇರುವೆ ಸಾಲಿನ ಹಾಗೆ ಸಣ್ಣಕ್ಷರ, ಕಣ್ಣಿನ ರೋಗಿ ಓದೋದು ಹೇಗೆ? ಮುಂದಿನ ತಾರೀಖು ಫೈಲಲ್ಲಿ ಬರೀತಾರೆ ಅಷ್ಟೇ, ಫೋನ್ ಮಾಡಿ ನೆನಪಿಸಲ್ಲ, ಕಾಫಿ ಕೊಯ್ಲಿನ ಟೈಮಲ್ಲಿ ಫೈಲ್ ತೆಗೆದು ನೋಡೋರು ಯಾರು! ಕಣ್ಣಿನೊಳಗೆ ಕೊಡೋ ಇಂಜೆಕ್ಷನ್ ಇಲ್ಲಿಲ್ಲ, ಅದು ಬೇಕಾದವ್ರು ಮೈಸೂರಿಗೇ ಹೋಗ್ಬೇಕು, ತೋಟದ ಕೂಲಿಯವ್ರಿಗೆ ಒಂದಿಡೀ ದಿನದ ಸಂಬಳ ಹೋಯ್ತು, ಎಷ್ಟೋ ಜನ ಅರ್ಧಕ್ಕೇ ಬಿಡೋದು ಇದಕ್ಕೇ.

ಹೋಗೋರು ಬೈಕ್ ಓಡಿಸ್ಕೊಂಡು ಹೋಗ್ಬೇಡಿ, ಡ್ರಾಪ್ಸ್ ಹಾಕಿದ್ಮೇಲೆ ಕೆಲವು ಗಂಟೆ ಮಂಜು ಮಂಜು, ಬಿಸಿಲಿಗೆ ಕಣ್ಣೇ ಬಿಡಕ್ಕಾಗಲ್ಲ. ಹಳೇ ಶುಗರ್ ರಿಪೋರ್ಟು, ತಗೊಳ್ಳೋ ಮಾತ್ರೆ ಎಲ್ಲ ಚೀಲದಲ್ಲಿ ಹಾಕ್ಕೊಂಡು ಹೋಗಿ.