ಬೆಂಕಿಕಡ್ಡಿ ಹತ್ತಿತು, ನಾನು ಮೋಸಹೋದೆ

ಶ್ರಾವಣ ಶನಿವಾರ ಗಾಂಧಿ ಬಜಾರಿಗೆ ಹೂವು ತರಲು ಹೋದವಳು ಎರಡು ಕಿಲೋ ‘ಕಾಡುಜೇನು’ ಹೊತ್ತು ತಂದೆ. ಕಿಲೋಗೆ 600 ರೂಪಾಯಿ. ರಸ್ತೆ ಬದಿಯಲ್ಲೊಂದು ಬಕೆಟ್, ಅದರಲ್ಲಿ ತೇಲುವ ಎರಿಯ ತುಂಡುಗಳು, ನಾಲ್ಕಾರು ಸತ್ತ ಹುಳು. ನಂಬಲು ಅಷ್ಟು ಸಾಕಾಗಿತ್ತು. ಮೇಲೆ ಮಾರುವವನೇ ಪರೀಕ್ಷೆಯನ್ನೂ ಮಾಡಿ ತೋರಿಸಿದ. ಲೋಟದ ನೀರಿಗೆ ಬಿಟ್ಟ ಹನಿ ಕರಗದೆ ತಳ ಸೇರಿತು. ಜೇನಿನಲ್ಲಿ ಅದ್ದಿದ ಬೆಂಕಿಕಡ್ಡಿ ಗೀರಿದೊಡನೆ ಹತ್ತಿಕೊಂಡಿತು. “ಸಕ್ಕರೆ ನೀರಾಗಿದ್ದರೆ ಹತ್ತುತ್ತಿತ್ತೇನಮ್ಮಾ? ನಿನ್ನೆ ಬಿಳಿಗಿರಿರಂಗನ ಬೆಟ್ಟದಲ್ಲಿ ಇಳಿಸಿದ್ದು” ಎಂದ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವಾದ ಜಿಕೆವಿಕೆಯಲ್ಲಿ ಓದಿದ ಚಿಕ್ಕಪ್ಪನ ಮಗ ಬಾಟಲಿಯನ್ನು ವಾಲಿಸಿ ನೋಡಿ ನಕ್ಕ. “ಅಕ್ಕಾ, ಇಷ್ಟು ಗಟ್ಟಿ ಇರುವುದೇ ಅನುಮಾನ.” ಕಾಡುಜೇನೆಂದು ಮಾರುವ ಹೆಜ್ಜೇನಿನ ತುಪ್ಪ ಸಾಮಾನ್ಯವಾಗಿ ತೆಳು. ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದಂತೆ ಜೇನಿನಲ್ಲಿ ನೀರಿನಂಶ ಶೇ. 20 ಮೀರಬಾರದು, ಕಾಡಿನ ಅಸಲಿ ಜೇನು ಎಷ್ಟೋ ಸಲ ಆ ಗಡಿಯನ್ನು ದಾಟಿ, ಬೇಗ ಹುಳಿಯುತ್ತದೆ. ಹಾಗಾಗಿ ಲೋಟದ ಪರೀಕ್ಷೆಯಲ್ಲಿ ಅಸಲಿಯೇ ಸೋಲಬಹುದು, ಚೆನ್ನಾಗಿ ಕಾಯಿಸಿದ ಬೆಲ್ಲದ ಪಾಕ ಗೆಲ್ಲಬಹುದು. ಕಡ್ಡಿಯದೂ ಅದೇ ಕತೆ. ಅಸಲಿ ಜೇನನ್ನು ನಾಯಿ ಮೂಸುವುದಿಲ್ಲ, ಇರುವೆ ಮುತ್ತುವುದಿಲ್ಲ ಎನ್ನುವುದನ್ನಂತೂ ಬಿಟ್ಟೇಬಿಡಿ.

ನಾನು ತೆಗೆದಿರಿಸಿದ್ದ ಎರಿಯ ತುಂಡನ್ನೂ ಅವನು ತಿರುವಿ ನೋಡಿದ. ಕಡುಕಂದು ಬಣ್ಣ. ಹೆಜ್ಜೇನು ತುಪ್ಪವನ್ನು ಎರಿಯ ಮೇಲ್ಭಾಗದಲ್ಲಿ ಕೂಡಿಡುತ್ತದೆ, ಕೆಳಗೆ ಮರಿ ಬೆಳೆಸುತ್ತದೆ. ಮರಿ ಬೆಳೆದು ಹೋದ ಭಾಗ ಕಪ್ಪಾಗುತ್ತದೆ. ಮಾರುವವನ ಬಕೆಟ್ಟಿನಲ್ಲಿದ್ದದ್ದು ಅಂಥ ಖಾಲಿ ಎರಿಯನ್ನು ಪಾಕದಲ್ಲಿ ನೆನೆಸಿದ್ದು. ಇನ್ನು ಬಿಳಿಗಿರಿರಂಗನ ಬೆಟ್ಟದಲ್ಲಿ ಅಲ್ಲಿನ ಬುಡಕಟ್ಟಿನವರಾದ ಸೋಲಿಗರು ಜೇನು ಕೀಳುವುದು ಬೇಸಿಗೆಯಿಂದ ಮುಂಗಾರಿನ ಆರಂಭದವರೆಗೆ. ಶ್ರಾವಣದಲ್ಲಿ ‘ನಿನ್ನೆ ಇಳಿಸಿದ್ದು’ ಎಲ್ಲಿಂದ ಬರಬೇಕು?

ಹಟಕ್ಕೆ ಬಿದ್ದು ಪ್ರಯೋಗಾಲಯಕ್ಕೆ ಕಳಿಸಿದೆ, ಜೇನಿಗೆ ಕೊಟ್ಟದ್ದಕ್ಕಿಂತ ಹೆಚ್ಚು ದುಡ್ಡು ಸುರಿದು. ಜೇನಿನಲ್ಲಿ ಸುಕ್ರೋಸ್, ಅಂದರೆ ನಾವು ಬಳಸುವ ಸಕ್ಕರೆಯ ಅಂಶ, ಶೇ. 5 ಮೀರಬಾರದು, ನನ್ನ ಬಾಟಲಿಯಲ್ಲಿ 34 ಇತ್ತು. ಇದು ಒರಟು ಕಲಬೆರಕೆ, ಸಿಕ್ಕಿಬಿತ್ತು. ಅಕ್ಕಿಯ ಸಿರಪ್ ಬೆರೆಸಿದರೆ ಈ ಪರೀಕ್ಷೆಗೂ ಸಿಗುವುದಿಲ್ಲ. 2020ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರಾಂಡುಗಳ ಜೇನನ್ನು ಪರೀಕ್ಷಿಸಿದಾಗ ಎನ್‌ಎಂಆರ್ ಎಂಬ ಸೂಕ್ಷ್ಮ ಪ್ರಯೋಗಾಲಯ ಪರೀಕ್ಷೆಯೂ ಸೇರಿ ಎಲ್ಲ ಪರೀಕ್ಷೆ ದಾಟಿದ್ದು ಮೂರೇ ಎಂದು ವರದಿ ಮಾಡಿತ್ತು. ಅಂಥದ್ದನ್ನು ನಾವು ಲೋಟದ ನೀರಿನಲ್ಲಿ ಹಿಡಿಯಲು ಹೊರಟಿದ್ದೇವೆ.

ಎಂಟು ತಿಂಗಳ ಮೊಮ್ಮಗನಿಗೆ ನೆಕ್ಕಿಸಲೆಂದು ಬೆರಳು ಅದ್ದಿದ್ದೆ, ಸೊಸೆ ತಡೆದಳು. ಒಂದು ವರ್ಷದೊಳಗಿನ ಮಗುವಿಗೆ ಅಸಲಿ ಜೇನೂ ಕೂಡದು, ಬಾಟ್ಯುಲಿಸಂ ಎಂಬ ಬ್ಯಾಕ್ಟೀರಿಯಾ ವಿಷದ ಕಾಯಿಲೆಯ ಅಪಾಯವಿದೆ.

ಮುಂದಿನ ಶನಿವಾರ ಅದೇ ಜಾಗ, ಅದೇ ಬಕೆಟ್. ಒಬ್ಬರು ಪರ್ಸಿಗೆ ಕೈ ಹಾಕಿದ್ದರು. ಬೇಡವೆಂದು ತಡೆದೆ. ಮಾರುವವನು ಸಿಟ್ಟಾಗಲಿಲ್ಲ, ಅದ್ದಿದ ಕಡ್ಡಿಯನ್ನೂ ಬೆಂಕಿಪೊಟ್ಟಣವನ್ನೂ ನನ್ನ ಕೈಗಿತ್ತು, “ನೀವೇ ಗೀರಿ ನೋಡಿ ಅಮ್ಮಾ” ಎಂದ. ಗೀರಿದೆ. ಹತ್ತಿಕೊಂಡಿತು.