ಮೂಡಿಗೆರೆ ಮಳೆಯಲ್ಲಿ ಡ್ರೈ ಕ್ಯಾಬಿನೆಟ್: ಪೆಟ್ಟಿಗೆ ಬೇಕು, ಅದರ ಮೀಟರ್ ನಂಬಬೇಡಿ

ಮೂಡಿಗೆರೆ ಕಡೆಯ ಮನೆಯಲ್ಲಿ ಹಲವು ಮಳೆಗಾಲ ಕಂಡಿರುವ 30 ಲೀಟರಿನ ಡ್ರೈ ಕ್ಯಾಬಿನೆಟ್ ಇದು, ಅಂದರೆ ಕ್ಯಾಮೆರಾ, ಲೆನ್ಸಿಗೆ ತೇವ ತಾಗದಂತೆ ಇಡುವ ಕರೆಂಟಿನ ಪೆಟ್ಟಿಗೆ. ಬಗೆ ಪೆಲ್ಟಿಯರ್: ಕರೆಂಟು ಹರಿದಾಗ ಒಂದು ಬದಿ ತಣ್ಣಗಾಗುವ ತಟ್ಟೆಯದ್ದು. ಬೀಗ, ಲೈಟು, ವಾರಂಟಿ ವಿವರ ಮಾರುವವರ ಪೇಜಿನಲ್ಲೇ ಇದೆ. ಅಲ್ಲಿ ಇಲ್ಲದ್ದು ಒಂದೇ: ಬಾಗಿಲ ಮೇಲೆ ಹೊಳೆಯುವ ತೇವಾಂಶದ ಅಂಕಿ ಸುಳ್ಳು ಹೇಳುತ್ತೆ. ಶೇಕಡಾ 45 ಅಂತ ತೋರಿಸುವಾಗ ಕೆಳಗಿನ ಮೂಲೆಯಲ್ಲಿ 55 ಇರುತ್ತೆ. ಸೆನ್ಸರ್ ಕೂರಿಸಿರುವುದು ತಣ್ಣಗಾಗುವ ಭಾಗದ ಪಕ್ಕದಲ್ಲೇ, ಕೆಳಗಿನ ಮೂಲೆಯ ತೇವ ಅದಕ್ಕೆ ಗೊತ್ತಾಗಲ್ಲ.

ಪರೀಕ್ಷೆ ಕಷ್ಟವಲ್ಲ. ಬಾಟಲಿ ಮುಚ್ಚಳದಲ್ಲಿ ಅರ್ಧದಷ್ಟು ಅಡುಗೆ ಉಪ್ಪು ಹಾಕಿ ನಾಲ್ಕಾರು ಹನಿ ನೀರು ಬಿಡಿ. ಉಪ್ಪು ಕರಗಬಾರದು, ಒದ್ದೆ ಮರಳಿನ ಹಾಗಿರಬೇಕು. ಜೊತೆಗೆ ಒಂದು ಪುಟ್ಟ ಹೈಗ್ರೋಮೀಟರ್ (ತೇವಾಂಶ ಅಳೆಯುವ ಮೀಟರ್) ಇಟ್ಟು ಗಾಳಿಯಾಡದ ಡಬ್ಬ ಮುಚ್ಚಿ 12 ಗಂಟೆ ಬಿಟ್ಟರೆ ಅದು 75 ತೋರಿಸಬೇಕು. 71 ಬಂದರೆ, ಆಮೇಲೆ ಅದು ತೋರಿಸಿದ್ದಕ್ಕೆಲ್ಲ 4 ಕೂಡಿಸಿಕೊಳ್ಳಿ. ಅದನ್ನೇ ಕ್ಯಾಬಿನೆಟ್ಟಿನ ಕೆಳಗಿನ ತಟ್ಟೆಯಲ್ಲಿ ಇಟ್ಟು, ಅಲ್ಲಿ 40ರಿಂದ 50 ಬರುವ ಹಾಗೆ ಗುಂಡಿ ತಿರುಗಿಸಿ. 60 ದಾಟಿದರೆ ಲೆನ್ಸಿನೊಳಗೆ ಫಂಗಸ್ಸಿಗೆ ಹಬ್ಬ. 30ಕ್ಕಿಂತ ಇಳಿಸಿದರೆ ರಬ್ಬರ್ ಹಿಡಿ, ಒಳಗಿನ ಗ್ರೀಸು ಒಣಗುತ್ತೆ.

ಎರಡನೇ ತಕರಾರು ಪೆಲ್ಟಿಯರ್ ಬಗೆಯದ್ದೇ. ತಣ್ಣನೆಯ ತಟ್ಟೆಯ ಮೇಲೆ ಗಾಳಿಯ ತೇವ ಹನಿಗಟ್ಟಿ ಹೊರಗೆ ಹೋಗಬೇಕು. ಬೇಸಿಗೆಯಲ್ಲಿ ಸಲೀಸು. ಆಷಾಢದ ಥಂಡಿಯಲ್ಲಿ ಕೋಣೆಯೇ 18–20 ಡಿಗ್ರಿಗೆ ಇಳಿದಾಗ ಕೆಲಸ ಕುಂಟುತ್ತೆ, ಒಮ್ಮೆ ಬಾಗಿಲು ತೆಗೆದರೆ ಅಂಕಿ ಇಳಿಯಲು ಗಂಟೆಗಟ್ಟಲೆ ಬೇಕು. ಹಾಸನ, ಅರಸೀಕೆರೆಯವರಿಗೆ ಈ ಬಗೆ ಧಾರಾಳ ಸಾಕು. ಸಕಲೇಶಪುರ, ಮೂಡಿಗೆರೆ, ಕೊಪ್ಪದವರು ತೇವ ಹೀರುವ ಹರಳನ್ನು ಒಳಗೇ ಬಿಸಿಮಾಡಿ ಆ ತೇವ ಹೊರಹಾಕುವ ಡೆಸಿಕೆಂಟ್ ಬಗೆಯದ್ದನ್ನೇ ಕೇಳಿ ತಗೊಳ್ಳಿ, ದುಡ್ಡು ಜಾಸ್ತಿಯಾದರೂ.

ಇಷ್ಟೆಲ್ಲ ಬೈದರೂ ಮನೆಯಲ್ಲಿ ಕ್ಯಾಮೆರಾ ಹುಚ್ಚಿನ ಮಕ್ಕಳಿದ್ದರೆ ಪೆಟ್ಟಿಗೆ ಬೇಕೇ ಬೇಕು. ಮಲೆನಾಡಿನಲ್ಲಿ ಆ ಹುಚ್ಚು ಸಾಯುವ ದಾರಿ ಗೊತ್ತಿದ್ದದ್ದೇ: ಆರಿದ್ರಾ ಮಳೆಗೆ ಬೀರು ಸೇರಿದ ಕ್ಯಾಮೆರಾ ದೀಪಾವಳಿಗೆ ಹೊರಬರುತ್ತೆ, ಫೋಟೋ ಮಂಜುಮಂಜು. ಲೆನ್ಸ್ ಕಳಚಿ ಹಿಂದಿನಿಂದ ಓರೆಯಾಗಿ ಟಾರ್ಚ್ ಬಿಟ್ಟು ನೋಡಿ, ಗಾಜಿನ ಅಂಚಿನಲ್ಲಿ ಬಿಳಿ ಎಳೆಗಳು ಕಾಣುತ್ತವೆ. ಅದೇ ಫಂಗಸ್. ಅದು ಉಗುಳುವ ಆಮ್ಲ ಗಾಜಿನ ಲೇಪನವನ್ನೇ ತಿನ್ನುತ್ತೆ, ಒರೆಸಿದರೂ ಗುರುತು ಹೋಗಲ್ಲ. ಕ್ಯಾಮೆರಾ ಜೊತೆಗೇ ಬರುವ ಹಳೆಯ 18–55 ಕಿಟ್ ಲೆನ್ಸಿಗೆ ಕ್ಲೀನಿಂಗ್ ಖರ್ಚು ಲೆನ್ಸಿನ ಬೆಲೆಯನ್ನೇ ಮೀರಬಹುದು. ಆಮೇಲೆ ಮಗು ಮೊಬೈಲಿಗೆ ವಾಪಸ್.

ಪೆಟ್ಟಿಗೆಯ ಉಸ್ತುವಾರಿ ಮಕ್ಕಳಿಗೇ ಕೊಟ್ಟು ನೋಡಿ, ಈ ವಸ್ತುವಿನ ನಿಜವಾದ ಖುಷಿ ಅಲ್ಲಿದೆ. ತೋಟದಿಂದ ಬಂದ ಒದ್ದೆ ಕ್ಯಾಮೆರಾ ನೇರ ಒಳಗೆ ಹೋಗಬಾರದು. ಹಳೇ ಹತ್ತಿ ಪಂಚೆಯಲ್ಲಿ ಒತ್ತಿ ಒರೆಸಬೇಕು, ಉಜ್ಜಬಾರದು. ಬ್ಯಾಟರಿ, ಕಾರ್ಡು ತೆಗೆದು ಮುಚ್ಚಳ ತೆರೆದೇ ಎರಡು ಗಂಟೆ ಫ್ಯಾನಿನ ಗಾಳಿಗೆ ಇಡಬೇಕು. ಲೆನ್ಸ್ ಕಳಚುವುದು ಮೈಯೆಲ್ಲ ಒಣಗಿದ ಮೇಲೆ. ಕೊನೆಗೆ ಒಳಗಿಟ್ಟು, ಹೈಗ್ರೋಮೀಟರ್ ಓದಿ, ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆಯಬೇಕು. ಹತ್ತು ವರ್ಷದ ಮಕ್ಕಳು ಇದನ್ನು ಎಷ್ಟು ಶ್ರದ್ಧೆಯಿಂದ ಮಾಡುತ್ತಾರೆಂದರೆ ದೊಡ್ಡವರು ಬಾಗಿಲು ಸುಮ್ಮನೆ ತೆಗೆದರೆ ಬೈಸಿಕೊಳ್ಳಬೇಕು.

ಬಜೆಟ್ ಇಲ್ಲವೇ? ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬ, 200 ಗ್ರಾಂ ಕಿತ್ತಳೆ ಸಿಲಿಕಾ ಜೆಲ್, ಅದೇ ಹೈಗ್ರೋಮೀಟರ್ ಸಾಕು. ಹರಳು ಹಸಿರಾದರೆ ಹಳೇ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಬಣ್ಣ ಮರಳುವ ತನಕ ಬಿಸಿ ಮಾಡಿ. ದೋಸೆ ಕಾವಲಿ ಮುಟ್ಟಬೇಡಿ. ಅಕ್ಕಿ ಡಬ್ಬದಲ್ಲಿ ಹುಗಿದಿಡುವ ಉಪಾಯ ಮಾತ್ರ ಬೇಡ, ಹಿಟ್ಟಿನ ಧೂಳು ಝೂಮಿನ ಸಂದಿಗೆ ಹೋಗುತ್ತೆ.

ಅಳತೆಯ ಬಗ್ಗೆ: 30 ಲೀಟರ್ ತಗೊಳ್ಳಬೇಡಿ. ಕಿಟ್ ಲೆನ್ಸಿನಲ್ಲಿ ಶುರುವಾದ ಹುಡುಗಿಗೆ ಬೇಲೂರಿನ ಗುಡಿಯೊಳಗಿನ ಕತ್ತಲೆಗೆ ಹೆಚ್ಚು ಬೆಳಕು ಒಳಬಿಡುವ 50 ಎಂಎಂ ಎಫ್ 1.8 ಲೆನ್ಸ್ ಬೇಕಾಗುತ್ತೆ, ಕಪ್ಪೆ, ಜೇಡಕ್ಕೆ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಬರುತ್ತೆ, ಆಮೇಲೆ ಹಕ್ಕಿ. ದೂರದ ಹಕ್ಕಿ ತೆಗೆಯುವ, ಸುಮಾರು 26 ಸೆಂಟಿಮೀಟರ್ ಉದ್ದದ 150–600 ಎಂಎಂ ಲೆನ್ಸ್ ಬಂದ ದಿನ ಇದರಲ್ಲಿ ನಡುವಿನ ತಟ್ಟೆ ತೆಗೆದು ಮಲಗಿಸಬೇಕಾಯ್ತು, ಉಳಿದವಕ್ಕೆ ಜಾಗವಿಲ್ಲ. 50 ಲೀಟರಿನಿಂದಲೇ ಶುರು ಮಾಡಿ. ಚರ್ಮದ ಕೇಸು, ಸ್ಪಂಜಿನ ಬ್ಯಾಗು ಮಾತ್ರ ಅದರೊಳಗೆ ತುರುಕಬೇಡಿ, ಬೂಷ್ಟು ಮೊದಲು ಹಿಡಿಯುವುದೇ ಅವಕ್ಕೆ.